ಮಾಜಿ ಸೈನಿಕರಲ್ಲಿ ಆಘಾತೋತ್ತರ ಒತ್ತಡದ ಮಾಪನ

ಮಾಜಿ ಸೈನಿಕರಲ್ಲಿ ಆಘಾತೋತ್ತರ ಒತ್ತಡದ ಮಾಪನ ಎಂದರೆ, ಯುದ್ಧದಲ್ಲಿ ಅಥವಾ ಸೈನಿಕ ಸೇವೆಯ ಅವಧಿಯಲ್ಲಿ ಪ್ರಾಣಾಪಾಯದ ಘಟನೆಗಳಿಗೆ ಒಳಗಾದವರಲ್ಲಿ ಉಳಿದುಬರುವ ಮಾನಸಿಕ ತೊಂದರೆಯನ್ನು ಗುರುತಿಸಿ, ಅದರ ತೀವ್ರತೆಯನ್ನು ಅಳೆದು, ರೋಗನಿರ್ಣಯಕ್ಕೆ ಬರುವ ವಿಧಾನಗಳ ಸಮೂಹ. ಆಘಾತೋತ್ತರ ಒತ್ತಡದ ಕಾಯಿಲೆಯನ್ನು (ಪಿಟಿಎಸ್‌ಡಿ) ಖಚಿತವಾಗಿ ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ, ಮೆದುಳಿನ ಚಿತ್ರಣವಾಗಲಿ ಇಲ್ಲ. ಆದ್ದರಿಂದ ಈ ಮಾಪನವು ಮುಖ್ಯವಾಗಿ ಪ್ರಶ್ನಾವಳಿ ಮತ್ತು ಸಂದರ್ಶನಗಳನ್ನು ಅವಲಂಬಿಸಿದೆ; ಅಂದರೆ ವ್ಯಕ್ತಿಯು ತನ್ನ ಬಗ್ಗೆ ಹೇಳುವ ಮಾತನ್ನು ಅವಲಂಬಿಸಿದೆ. ಆ ಮಾತನ್ನು ಯಾರು, ಯಾವಾಗ, ಯಾವ ಉದ್ದೇಶದಿಂದ ಕೇಳುತ್ತಾರೆ ಎಂಬುದರ ಮೇಲೆ ಫಲಿತಾಂಶ ಬದಲಾಗಬಲ್ಲದು. ಚಿಕಿತ್ಸೆ, ಪಿಂಚಣಿ, ಪರಿಹಾರಧನ ಮತ್ತು ಸೇವೆಯಲ್ಲಿ ಮುಂದುವರಿಯುವ ಅವಕಾಶ ಇವೆಲ್ಲ ಈ ಫಲಿತಾಂಶಕ್ಕೆ ಸಂಬಂಧಿಸಿರುವುದರಿಂದ ಮಾಪನದ ನಿಖರತೆಯು ಕೇವಲ ಶಾಸ್ತ್ರೀಯ ಪ್ರಶ್ನೆಯಾಗಿ ಉಳಿದಿಲ್ಲ.

ಈ ಕ್ಷೇತ್ರದ ಬಹುಪಾಲು ಉಪಕರಣಗಳು ವಿಯೆಟ್ನಾಂ ಯುದ್ಧದ ನಂತರ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರೂಪುಗೊಂಡವು. ಅಲ್ಲಿನ ಮಾಜಿ ಸೈನಿಕರ ಇಲಾಖೆಯ ಅಂಗವಾಗಿ 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪಿಟಿಎಸ್‌ಡಿ ಕೇಂದ್ರವು ಇವುಗಳಲ್ಲಿ ಹಲವನ್ನು ಸಿದ್ಧಪಡಿಸಿದೆ.

ಹಿನ್ನೆಲೆ

ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಸೈನಿಕರಲ್ಲಿ ಎದೆಬಡಿತ, ಉಸಿರಾಟದ ತೊಂದರೆ ಮತ್ತು ನಿತ್ರಾಣಗಳನ್ನು ಕಂಡ ವೈದ್ಯ ಜೇಕಬ್ ಡಾ ಕೋಸ್ಟ 1871ರಲ್ಲಿ ಅದನ್ನು ಹೃದಯದ ತೊಂದರೆಯೆಂದು ವಿವರಿಸಿದನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ‘ಶೆಲ್ ಶಾಕ್’ ಎಂಬ ಹೆಸರನ್ನು ವೈದ್ಯಕೀಯ ಬರವಣಿಗೆಗೆ ತಂದನು. ಆ ಯುದ್ಧದಲ್ಲಿ ಬ್ರಿಟಿಷ್ ಸೈನ್ಯವು ಇಂತಹ ಸೈನಿಕರನ್ನು ಎರಡು ವರ್ಗಗಳಾಗಿ ವಿಂಗಡಿಸಿತು. ಶತ್ರುವಿನ ಸ್ಫೋಟಕದಿಂದ ನೇರವಾಗಿ ತೊಂದರೆಗೊಳಗಾದವರನ್ನು ‘ಗಾಯಾಳು’ಗಳೆಂದೂ ಉಳಿದವರನ್ನು ‘ಕಾಯಿಲೆಯವರು’ ಎಂದೂ ದಾಖಲಿಸಲಾಯಿತು. ಗಾಯಾಳುವಿಗೆ ಗೌರವಪಟ್ಟಿ ಮತ್ತು ಪಿಂಚಣಿಯ ಅರ್ಹತೆ ಇದ್ದು, ಕಾಯಿಲೆಯವನಿಗೆ ಅದು ದೊರೆಯುತ್ತಿರಲಿಲ್ಲ. ವರ್ಗೀಕರಣದೊಂದಿಗೆ ಮಾನ ಮತ್ತು ಜೀವನೋಪಾಯಗಳು ಅಂದಿನಿಂದಲೇ ಬೆರೆತುಕೊಂಡಿದ್ದವು ಎಂಬುದಕ್ಕೆ ಇದು ನಿದರ್ಶನ.

ಎರಡನೆಯ ಮಹಾಯುದ್ಧದ ಬಳಿಕ, 1952ರಲ್ಲಿ, ಅಮೆರಿಕದ ಮನೋವೈದ್ಯಕೀಯ ಸಂಘದ ರೋಗನಿರ್ಣಯ ಕೈಪಿಡಿಯ (ಡಿಎಸ್‌ಎಮ್) ಮೊದಲ ಆವೃತ್ತಿಯು ‘ತೀವ್ರ ಒತ್ತಡದ ಪ್ರತಿಕ್ರಿಯೆ’ ಎಂಬ ವರ್ಗವನ್ನು ಸೇರಿಸಿಕೊಂಡಿತು. 1968ರ ಎರಡನೆಯ ಆವೃತ್ತಿಯಲ್ಲಿ ಅದನ್ನು ಕೈಬಿಡಲಾಯಿತು. ವಿಯೆಟ್ನಾಂನಿಂದ ಸೈನಿಕರು ಹಿಂದಿರುಗುತ್ತಿದ್ದ ಕಾಲದಲ್ಲಿ ಅವರ ಸ್ಥಿತಿಯನ್ನು ಹೆಸರಿಸಲು ಅಧಿಕೃತ ವರ್ಗವೇ ಇಲ್ಲದಂತಾಯಿತು. ಮಾಜಿ ಸೈನಿಕರ ಸಂಘಟನೆಗಳು ಮತ್ತು ಚೈಮ್ ಶಾಟನ್ ಮೊದಲಾದ ಮನೋವೈದ್ಯರ ಒತ್ತಾಯದ ಫಲವಾಗಿ 1980ರ ಮೂರನೆಯ ಆವೃತ್ತಿಯಲ್ಲಿ ಪಿಟಿಎಸ್‌ಡಿ ಸ್ಥಾನ ಪಡೆಯಿತು. ನಿಶ್ಚಿತ ಲಕ್ಷಣಗಳ ಪಟ್ಟಿಯೊಂದು ದೊರೆತ ಮೇಲೆ ಅದನ್ನು ಅಳೆಯುವ ಮಾಪಕಗಳನ್ನು ರಚಿಸಲು ಸಾಧ್ಯವಾಯಿತು.

ರೋಗನಿರ್ಣಯದ ಮಾನದಂಡಗಳು

ಇಂದು ಬಳಕೆಯಲ್ಲಿರುವ ಮಾಪಕಗಳಲ್ಲಿ ಹೆಚ್ಚಿನವು 2013ರಲ್ಲಿ ಪ್ರಕಟವಾದ ಡಿಎಸ್‌ಎಮ್-5ರ ಮಾನದಂಡಗಳನ್ನು ಅನುಸರಿಸುತ್ತವೆ. ಅದರ ಪ್ರಕಾರ ವ್ಯಕ್ತಿಯು ಸಾವು, ಗಂಭೀರ ಗಾಯ ಅಥವಾ ಲೈಂಗಿಕ ಹಿಂಸೆಗೆ ಸಂಬಂಧಿಸಿದ ಘಟನೆಗೆ ಒಳಗಾಗಿರಬೇಕು. ಆಮೇಲೆ ಕಾಣಿಸುವ ಇಪ್ಪತ್ತು ಲಕ್ಷಣಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗಿದೆ:

- ಮರುಕಳಿಕೆ: ಬೇಡವಾದ ನೆನಪುಗಳು, ದುಃಸ್ವಪ್ನಗಳು, ಘಟನೆ ಮತ್ತೆ ನಡೆಯುತ್ತಿದೆಯೆಂಬ ಅನುಭವ ಮುಂತಾದ 5 ಲಕ್ಷಣಗಳು, ಇವುಗಳಲ್ಲಿ ಕನಿಷ್ಠ 1 ಇರಬೇಕು.
- ತಪ್ಪಿಸಿಕೊಳ್ಳುವಿಕೆ: ಘಟನೆಯ ನೆನಪುಗಳನ್ನೂ ಅದನ್ನು ನೆನಪಿಸುವ ಜನ, ಜಾಗ, ಸನ್ನಿವೇಶಗಳನ್ನೂ ದೂರವಿಡುವುದು, 2ರಲ್ಲಿ ಕನಿಷ್ಠ 1.
- ಚಿಂತನೆ ಮತ್ತು ಭಾವದಲ್ಲಿನ ಪ್ರತಿಕೂಲ ಬದಲಾವಣೆ: ತನ್ನನ್ನೇ ದೂಷಿಸಿಕೊಳ್ಳುವುದು, ಆಸಕ್ತಿ ಕುಂದುವುದು, ಇತರರಿಂದ ದೂರವಾದಂತೆ ಅನಿಸುವುದು ಮುಂತಾದ 7ರಲ್ಲಿ ಕನಿಷ್ಠ 2.
- ಅತಿಜಾಗರೂಕತೆ ಮತ್ತು ಉದ್ರೇಕ: ಸಿಡುಕು, ಬೆಚ್ಚಿಬೀಳುವುದು, ನಿದ್ರಾಭಂಗ ಮುಂತಾದ 6ರಲ್ಲಿ ಕನಿಷ್ಠ 2.

ಲಕ್ಷಣಗಳು ಒಂದು ತಿಂಗಳಿಗಿಂತ ಹೆಚ್ಚು ಕಾಲ ಉಳಿದಿರಬೇಕು. ತೀವ್ರ ಸಂಕಟವನ್ನು ಅಥವಾ ದೈನಂದಿನ ಬದುಕಿಗೆ ತೊಡಕನ್ನು ಉಂಟುಮಾಡಿರಬೇಕು. ಮದ್ಯ, ಮಾದಕವಸ್ತು ಅಥವಾ ಬೇರೆ ಕಾಯಿಲೆಯ ಪರಿಣಾಮವಾಗಿರಬಾರದು.

ಡಿಎಸ್‌ಎಮ್-4ರಲ್ಲಿ, ಘಟನೆಯ ವೇಳೆ ತೀವ್ರ ಭಯ, ಅಸಹಾಯಕತೆ ಅಥವಾ ದಿಗಿಲು ಉಂಟಾಗಿರಬೇಕೆಂಬ ನಿಬಂಧನೆ ಇತ್ತು. ಡಿಎಸ್‌ಎಮ್-5 ಅದನ್ನು ತೆಗೆದುಹಾಕಿತು. ಸೈನಿಕರ ಮಟ್ಟಿಗೆ ಈ ಬದಲಾವಣೆ ಮಹತ್ವದ್ದು. ತರಬೇತಿ ಪಡೆದ ಸೈನಿಕನು ಗುಂಡಿನ ಕಾಳಗದಲ್ಲಿ ಭಯಕ್ಕೆ ಎಡೆಗೊಡದೆ ತನ್ನ ಕರ್ತವ್ಯವನ್ನು ನಿರ್ವಹಿಸಿರಬಹುದು. ಬಾಧೆ ಆಮೇಲೆ ಕಾಣಿಸಿಕೊಳ್ಳಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 (2022ರ ಜನವರಿಯಿಂದ ಜಾರಿ) ಇನ್ನಷ್ಟು ಸಂಕ್ಷಿಪ್ತವಾದ ವ್ಯಾಖ್ಯೆಯನ್ನು ನೀಡುತ್ತದೆ. ಘಟನೆಯನ್ನು ವರ್ತಮಾನದಲ್ಲಿ ಮರು ಅನುಭವಿಸುವುದು, ನೆನಪುಗಳಿಂದ ತಪ್ಪಿಸಿಕೊಳ್ಳುವುದು, ಅಪಾಯ ಈಗಲೂ ಇದೆಯೆಂಬ ಭಾವನೆ ಇವು ಅದರ ಮೂರು ತಿರುಳುಗಳು. ಸಂಕೀರ್ಣ ಪಿಟಿಎಸ್‌ಡಿಯನ್ನು ಅದು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸುತ್ತದೆ.

ಮಾನದಂಡ ಬದಲಾದಾಗ ರೋಗಿಗಳೆನಿಸಿಕೊಳ್ಳುವವರೂ ಬದಲಾಗುತ್ತಾರೆ. ಚಾರ್ಲ್ಸ್ ಹೋಗ್ ಮತ್ತು ಸಹೋದ್ಯೋಗಿಗಳು 2014ರಲ್ಲಿ ಅಮೆರಿಕದ ಸೈನಿಕರ ಮೇಲೆ ಹಳೆಯ ಮತ್ತು ಹೊಸ ಮಾನದಂಡಗಳೆರಡನ್ನೂ ಪ್ರಯೋಗಿಸಿದರು. ಒಟ್ಟು ಪ್ರಮಾಣದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದರೆ ಹಳೆಯ ಮಾನದಂಡದ ಪ್ರಕಾರ ಕಾಯಿಲೆಯಿದ್ದವರಲ್ಲಿ ಸುಮಾರು ಶೇಕಡಾ 30ರಷ್ಟು ಮಂದಿ ಹೊಸ ಮಾನದಂಡಕ್ಕೆ ಒಳಪಡಲಿಲ್ಲ. ಅವರ ಸ್ಥಾನಕ್ಕೆ ಬೇರೆಯವರು ಬಂದರು.

ಪ್ರಮುಖ ಉಪಕರಣಗಳು

ಪ್ರಾಥಮಿಕ ತಪಾಸಣೆ

ಪಿಸಿ-ಪಿಟಿಎಸ್‌ಡಿ-5 ಎಂಬುದು ಸಾಮಾನ್ಯ ಚಿಕಿತ್ಸಾಲಯಗಳಲ್ಲಿ ಬಳಸಲು ರಚಿಸಿದ ಐದು ಪ್ರಶ್ನೆಗಳ ಕಿರುಪಟ್ಟಿ. ಆಘಾತಕಾರಿ ಘಟನೆ ನಡೆದಿದೆಯೇ ಎಂದು ಮೊದಲು ಕೇಳಲಾಗುತ್ತದೆ. ಹೌದೆಂದವರು ಮಾತ್ರ ಉಳಿದ ಐದು ಪ್ರಶ್ನೆಗಳಿಗೆ ‘ಹೌದು’ ಅಥವಾ ‘ಇಲ್ಲ’ ಎಂದು ಉತ್ತರಿಸುತ್ತಾರೆ. ಗಡಿ ಅಂಕವನ್ನು 3ಕ್ಕೆ ಇಟ್ಟರೆ ಕಾಯಿಲೆಯಿರುವ ಹೆಚ್ಚು ಮಂದಿ ಸಿಗುತ್ತಾರೆ. 4ಕ್ಕೆ ಇಟ್ಟರೆ ಅನಗತ್ಯವಾಗಿ ಸಿಕ್ಕಿಬೀಳುವವರು ಕಡಿಮೆಯಾಗುತ್ತಾರೆ. ಮಹಿಳಾ ಮಾಜಿ ಸೈನಿಕರ ವಿಷಯದಲ್ಲಿ ಗಡಿ ಅಂಕ 4 ಆದರೆ ಹಲವರು ತಪ್ಪಿಹೋಗುವುದು ಕಂಡುಬಂದಿದೆ.

ಸ್ವಯಂ-ವರದಿ ಪ್ರಶ್ನಾವಳಿಗಳು

- ಘಟನಾಪ್ರಭಾವ ಮಾಪಕ: ಮಾರ್ಡಿ ಹೊರೊವಿಟ್ಸ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ 15 ಅಂಶಗಳ ಪಟ್ಟಿ. 1997ರ ಪರಿಷ್ಕೃತ ರೂಪದಲ್ಲಿ 22 ಅಂಶಗಳಿವೆ.
- ಮಿಸಿಸಿಪಿ ಮಾಪಕ: ಟೆರೆನ್ಸ್ ಕೀನ್ ಮತ್ತು ಸಂಗಡಿಗರು 1988ರಲ್ಲಿ ಯುದ್ಧಸಂಬಂಧಿ ಪಿಟಿಎಸ್‌ಡಿಗೆಂದೇ ರಚಿಸಿದ 35 ಅಂಶಗಳ ಮಾಪಕ. ಅಂಕಗಳು 35ರಿಂದ 175ರವರೆಗೆ. ಮೂಲ ಅಧ್ಯಯನದಲ್ಲಿ ಗಡಿ ಅಂಕ 107.
- ಯುದ್ಧಾನುಭವ ಮಾಪಕ: ಇದು ಕಾಯಿಲೆಯನ್ನಲ್ಲ, ಗಸ್ತು, ಗುಂಡಿನ ದಾಳಿ, ಸಂಗಡಿಗರ ಸಾವು ಮೊದಲಾದವುಗಳಿಗೆ ಸೈನಿಕನು ಎಷ್ಟು ಒಡ್ಡಿಕೊಂಡಿದ್ದನೆಂಬುದನ್ನು 7 ಪ್ರಶ್ನೆಗಳ ಮೂಲಕ ಅಳೆಯುತ್ತದೆ.
- ಪಿಸಿಎಲ್: ರಾಷ್ಟ್ರೀಯ ಪಿಟಿಎಸ್‌ಡಿ ಕೇಂದ್ರದಲ್ಲಿ 1993ರಲ್ಲಿ ರೂಪುಗೊಂಡ 17 ಅಂಶಗಳ ಪಟ್ಟಿ. ಇದರಲ್ಲಿ ಸೈನಿಕರಿಗೂ ನಾಗರಿಕರಿಗೂ ಬೇರೆ ಬೇರೆ ಪಾಠಗಳಿದ್ದವು. ಈಗ ಬಳಕೆಯಲ್ಲಿರುವುದು 20 ಅಂಶಗಳ ಪಿಸಿಎಲ್-5.

ಪಿಸಿಎಲ್-5 ಅನ್ನು ತುಂಬಲು ಐದರಿಂದ ಹತ್ತು ನಿಮಿಷ ಸಾಕು. ಕಳೆದ ಒಂದು ತಿಂಗಳಲ್ಲಿ ಪ್ರತಿಯೊಂದು ಲಕ್ಷಣವು ಎಷ್ಟು ಬಾಧಿಸಿತು ಎಂಬುದಕ್ಕೆ 0ಯಿಂದ (ಸ್ವಲ್ಪವೂ ಇಲ್ಲ) 4ರವರೆಗೆ (ಅತ್ಯಂತ ಹೆಚ್ಚು) ಅಂಕ ಕೊಡಬೇಕು. ಒಟ್ಟು ಅಂಕ 0–80. ಸಾಮಾನ್ಯವಾಗಿ 31–33 ಅಂಕಗಳನ್ನು ಗಡಿಯೆಂದು ಪರಿಗಣಿಸಲಾಗುತ್ತದೆ. ಇನ್ನೊಂದು ವಿಧಾನದಲ್ಲಿ 2 ಅಥವಾ ಹೆಚ್ಚು ಅಂಕ ಪಡೆದ ಲಕ್ಷಣಗಳನ್ನು ‘ಇದೆ’ ಎಂದು ಎಣಿಸಿ, ನಾಲ್ಕೂ ಗುಂಪುಗಳ ನಿಬಂಧನೆ ಪೂರೈಸಿದೆಯೇ ಎಂದು ನೋಡಲಾಗುತ್ತದೆ. ಎರಡು ವಿಧಾನಗಳ ಉತ್ತರಗಳು ಯಾವಾಗಲೂ ಒಂದೇ ಆಗಿರುವುದಿಲ್ಲ. ಉದಾಹರಣೆಗೆ, ಒಬ್ಬನ ಒಟ್ಟು ಅಂಕ 40 ಇದ್ದರೂ ತಪ್ಪಿಸಿಕೊಳ್ಳುವಿಕೆಯ ಎರಡು ಅಂಶಗಳಲ್ಲೂ ಅವನು 1 ಅಂಕ ಮಾತ್ರ ಕೊಟ್ಟಿದ್ದರೆ, ಮೊದಲ ವಿಧಾನದಲ್ಲಿ ಅವನು ಗಡಿ ದಾಟುತ್ತಾನೆ, ಎರಡನೆಯದರಲ್ಲಿ ದಾಟುವುದಿಲ್ಲ. ಯಾವ ವಿಧಾನ ಅನುಸರಿಸಿದರೂ ಫಲಿತಾಂಶವು ತಾತ್ಕಾಲಿಕ ಸೂಚನೆಯೇ ಹೊರತು ರೋಗನಿರ್ಣಯವಲ್ಲ.

ರಚನಾಬದ್ಧ ಸಂದರ್ಶನ

ವೈದ್ಯರು ನಡೆಸುವ ಕ್ಯಾಪ್ಸ್ ಸಂದರ್ಶನವು 1990ರಲ್ಲಿ ಬಂದಿತು. ಅದರ ಇಂದಿನ ರೂಪವಾದ ಕ್ಯಾಪ್ಸ್-5 ಅನ್ನು ಈ ಕ್ಷೇತ್ರದ ಅತ್ಯಂತ ವಿಶ್ವಸನೀಯ ಅಳತೆಗೋಲೆಂದು ಪರಿಗಣಿಸಲಾಗಿದೆ. ತರಬೇತಿ ಪಡೆದ ಸಂದರ್ಶಕರು 45ರಿಂದ 60 ನಿಮಿಷಗಳ ಕಾಲ ಪ್ರತಿಯೊಂದು ಲಕ್ಷಣದ ಬಗ್ಗೆ ಉದಾಹರಣೆಗಳನ್ನು ಕೇಳಿ, ಅದರ ತೀವ್ರತೆ ಮತ್ತು ಆವರ್ತನಗಳನ್ನು ಒಟ್ಟಿಗೆ ಪರಿಗಣಿಸಿ 0–4 ಅಂಕ ನೀಡುತ್ತಾರೆ. ‘ನಿದ್ರೆ ಸರಿಯಿಲ್ಲ’ ಎಂಬ ಮಾತಿಗೆ ಪ್ರಶ್ನಾವಳಿಯಲ್ಲಿ ಒಂದು ಅಂಕ ಬಿದ್ದು ವಿಷಯ ಮುಗಿಯುತ್ತದೆ. ಸಂದರ್ಶಕನಾದರೋ ಎಷ್ಟು ರಾತ್ರಿ, ಎಷ್ಟು ಹೊತ್ತು, ಯಾವಾಗಿನಿಂದ, ಆ ಘಟನೆಗೂ ಇದಕ್ಕೂ ಸಂಬಂಧವಿದೆಯೇ ಎಂದು ವಿಚಾರಿಸುತ್ತಾನೆ. ವಯಸ್ಸಾದ ಮಾಜಿ ಸೈನಿಕನ ನಿದ್ರಾಭಂಗಕ್ಕೆ ಮಂಡಿನೋವು ಕಾರಣವೋ ಯುದ್ಧದ ದುಃಸ್ವಪ್ನ ಕಾರಣವೋ ಎಂಬುದು ಇಂತಹ ವಿಚಾರಣೆಯಿಂದಲೇ ತಿಳಿಯಬೇಕು.

ಗಡಿ ಅಂಕದ ಅರ್ಥ

ತಪಾಸಣೆಯ ಅಂಕವನ್ನು ಓದುವಾಗ, ಆ ಗುಂಪಿನಲ್ಲಿ ಕಾಯಿಲೆ ಎಷ್ಟು ಸಾಮಾನ್ಯ ಎಂಬುದನ್ನೂ ಗಮನಿಸಬೇಕು. ಇದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ವಿವರಿಸಬಹುದು. 1000 ಮಾಜಿ ಸೈನಿಕರಲ್ಲಿ 100 ಮಂದಿಗೆ ಕಾಯಿಲೆಯಿದೆ ಎಂದಿಟ್ಟುಕೊಳ್ಳೋಣ. ಪರೀಕ್ಷೆಯು ಕಾಯಿಲೆಯಿರುವವರಲ್ಲಿ ಶೇಕಡಾ 90 ಮಂದಿಯನ್ನು ಸರಿಯಾಗಿ ಗುರುತಿಸುತ್ತದೆ; ಇಲ್ಲದವರಲ್ಲಿ ಶೇಕಡಾ 80 ಮಂದಿಯನ್ನು ಸರಿಯಾಗಿ ಬಿಟ್ಟುಕೊಡುತ್ತದೆ. ಆಗ ಕಾಯಿಲೆಯಿರುವ 90 ಮಂದಿಯ ಜೊತೆಗೆ, ಕಾಯಿಲೆಯಿಲ್ಲದ 900 ಮಂದಿಯಲ್ಲಿ 180 ಮಂದಿಯೂ ಗಡಿ ದಾಟುತ್ತಾರೆ. ಗಡಿ ದಾಟಿದ 270 ಮಂದಿಯಲ್ಲಿ ಮೂರನೆಯ ಒಂದು ಭಾಗಕ್ಕೆ ಮಾತ್ರ ನಿಜವಾಗಿ ಕಾಯಿಲೆಯಿರುತ್ತದೆ. ಪ್ರಶ್ನಾವಳಿಯ ನಂತರ ಸಂದರ್ಶನ ಅಗತ್ಯವೆಂದು ಹೇಳುವುದು ಈ ಕಾರಣಕ್ಕಾಗಿಯೇ. ಇದೇ ಲೆಕ್ಕದಲ್ಲಿ ಕಾಯಿಲೆಯಿದ್ದೂ ತಪ್ಪಿಹೋದ ಹತ್ತು ಮಂದಿಯನ್ನೂ ಮರೆಯುವಂತಿಲ್ಲ.

ಜನಸಮೂಹದ ಅಧ್ಯಯನಗಳು

ಮಾಪನದ ವಿಧಾನ ಬದಲಾದರೆ ಸಂಖ್ಯೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ವಿಯೆಟ್ನಾಂ ಮಾಜಿ ಸೈನಿಕರ ಅಧ್ಯಯನಗಳು ಪ್ರಸಿದ್ಧ ಉದಾಹರಣೆ. ಅಮೆರಿಕದ ಕಾಂಗ್ರೆಸ್ 1983ರಲ್ಲಿ ಆದೇಶಿಸಿದ ರಾಷ್ಟ್ರೀಯ ಸಮೀಕ್ಷೆಯ ಫಲಿತಾಂಶ 1990ರಲ್ಲಿ ಪುಸ್ತಕವಾಗಿ ಬಂದಿತು. ಯುದ್ಧಭೂಮಿಯಲ್ಲಿ ಸೇವೆ ಸಲ್ಲಿಸಿದ ಪುರುಷರಲ್ಲಿ ಶೇಕಡಾ 30.9 ಮಂದಿಗೆ ಜೀವನದ ಯಾವುದಾದರೊಂದು ಹಂತದಲ್ಲಿ ಪಿಟಿಎಸ್‌ಡಿ ಇತ್ತೆಂದೂ, ಶೇಕಡಾ 15.2 ಮಂದಿಗೆ ಸಮೀಕ್ಷೆಯ ಕಾಲದಲ್ಲೂ ಇತ್ತೆಂದೂ ಅದು ಹೇಳಿತು. ಈ ಪ್ರಮಾಣ ಅತಿಯಾಯಿತೆಂದು ಹಲವರು ಆಕ್ಷೇಪಿಸಿದರು.

ಬ್ರೂಸ್ ಡೊಹ್ರೆನ್‌ವೆಂಡ್ ಮತ್ತು ಸಂಗಡಿಗರು 2006ರಲ್ಲಿ ಅದೇ ಮಾಹಿತಿಯನ್ನು ಮತ್ತೆ ಪರಿಶೀಲಿಸಿದರು. ಅವರು ಸೈನಿಕ ದಾಖಲೆಗಳೊಂದಿಗೆ ಯುದ್ಧಾನುಭವವನ್ನು ತಾಳೆ ನೋಡಿದರು. ಬದುಕಿಗೆ ತೊಡಕಾಗಿರಬೇಕೆಂಬ ನಿಬಂಧನೆಯನ್ನು ಬಿಗಿಗೊಳಿಸಿದರು. ಆಗ ಪ್ರಮಾಣಗಳು ಶೇಕಡಾ 18.7 ಮತ್ತು 9.1ಕ್ಕೆ ಇಳಿದವು. ಆದರೆ ಸೈನಿಕರು ಸುಳ್ಳು ಹೇಳಿದ್ದರೆಂಬುದಕ್ಕೆ ಅವರಿಗೆ ಹೆಚ್ಚಿನ ಆಧಾರ ಸಿಗಲಿಲ್ಲ. ಯುದ್ಧಾನುಭವ ತೀವ್ರವಾದಷ್ಟೂ ಕಾಯಿಲೆಯ ಪ್ರಮಾಣ ಹೆಚ್ಚುವುದು ಈ ಪರಿಶೀಲನೆಯಲ್ಲೂ ಸ್ಪಷ್ಟವಾಯಿತು.

ಯುದ್ಧ ಮುಗಿದು ನಾಲ್ಕು ದಶಕಗಳ ನಂತರ ಅದೇ ಗುಂಪನ್ನು ಮತ್ತೆ ಸಂಪರ್ಕಿಸಿದ ಅಧ್ಯಯನವು 2015ರಲ್ಲಿ ಪ್ರಕಟವಾಯಿತು. ಯುದ್ಧಭೂಮಿಯಲ್ಲಿದ್ದ ಪುರುಷರಲ್ಲಿ ಕ್ಯಾಪ್ಸ್-5 ಸಂದರ್ಶನದ ಪ್ರಕಾರ ಶೇಕಡಾ 4.5 ಮಂದಿಗೆ ಆ ಹೊತ್ತಿನಲ್ಲೂ ಕಾಯಿಲೆಯಿತ್ತು. ಪೂರ್ಣ ಮಾನದಂಡಕ್ಕೆ ಸ್ವಲ್ಪ ಕಡಿಮೆ ಬೀಳುವವರನ್ನೂ ಸೇರಿಸಿದರೆ ಇದು ಶೇಕಡಾ 10.8.

ಬ್ರಿಟನ್ನಿನಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಇರಾಕ್ ಮತ್ತು ಅಫ್ಘಾನಿಸ್ತಾನ ಯುದ್ಧಗಳ ಕಾಲದ ಸೇನಾ ಸಿಬ್ಬಂದಿಯ ಬಗ್ಗೆ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಂಭಾವ್ಯ ಪಿಟಿಎಸ್‌ಡಿಯ ಪ್ರಮಾಣ ಶೇಕಡಾ 4.0 ಆಗಿತ್ತು. 2018ರ ವರದಿಯಲ್ಲಿ ಇದು ಶೇಕಡಾ 6ಕ್ಕೆ ಏರಿತು. ಕಾದಾಟದ ಹೊಣೆಯಲ್ಲಿ ರಣರಂಗಕ್ಕೆ ಹೋಗಿ ಈಗ ಸೇವೆಯಿಂದ ಹೊರಬಂದವರಲ್ಲಿ ಅದು ಶೇಕಡಾ 17 ಆಗಿತ್ತು.

ಮಾಪನದ ತೊಡಕುಗಳು

ಮುಚ್ಚಿಡುವಿಕೆ

ಸೇವೆಯಲ್ಲಿರುವ ಸೈನಿಕರು ಬಡ್ತಿ ತಪ್ಪೀತು, ದುರ್ಬಲನೆಂಬ ಹೆಸರು ಬಂದೀತು ಎಂಬ ಅಂಜಿಕೆಯಿಂದ ಲಕ್ಷಣಗಳನ್ನು ಮುಚ್ಚಿಡುವುದುಂಟು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇರಾಕಿನಿಂದ ಹಿಂದಿರುಗಿದ ಅಮೆರಿಕದ ಸೈನಿಕರು ಕಡ್ಡಾಯ ಆರೋಗ್ಯ ತಪಾಸಣೆಯ ಜೊತೆಗೆ ಹೆಸರು ಬರೆಯದ ಪ್ರಶ್ನಾವಳಿಯನ್ನೂ ತುಂಬಿದರು. ಹೆಸರಿಲ್ಲದ ಪ್ರಶ್ನಾವಳಿಯಲ್ಲಿ ಖಿನ್ನತೆ, ಪಿಟಿಎಸ್‌ಡಿ ಮತ್ತು ಆತ್ಮಹತ್ಯೆಯ ಆಲೋಚನೆಗಳ ಪ್ರಮಾಣವು ಎರಡರಿಂದ ನಾಲ್ಕು ಪಟ್ಟು ಹೆಚ್ಚಾಗಿತ್ತು. 2004ರಲ್ಲಿ ಪ್ರಕಟವಾದ ಹೋಗ್ ಅವರ ಅಧ್ಯಯನದಲ್ಲಿ ಮಾನಸಿಕ ಕಾಯಿಲೆಯ ಲಕ್ಷಣಗಳಿದ್ದ ಸೈನಿಕರಲ್ಲಿ ಶೇಕಡಾ 23ರಿಂದ 40ರಷ್ಟು ಮಂದಿ ಮಾತ್ರ ನೆರವು ಕೇಳಿದ್ದರು.

ಕಾಲದ ಅಂತರ

ಮನೆಗೆ ಮರಳಿದ ಕೂಡಲೇ ಮಾಡುವ ತಪಾಸಣೆಯಲ್ಲಿ ಹಲವರು ತಪ್ಪಿಹೋಗುತ್ತಾರೆ. 2007ರ ಅಧ್ಯಯನವೊಂದರಲ್ಲಿ ಇರಾಕಿನಿಂದ ಬಂದ 88,235 ಅಮೆರಿಕನ್ ಸೈನಿಕರನ್ನು ಮರಳಿದಾಗ ಒಮ್ಮೆ, ಕೆಲವು ತಿಂಗಳುಗಳ ನಂತರ ಇನ್ನೊಮ್ಮೆ ತಪಾಸಿಸಲಾಯಿತು. ಪಿಟಿಎಸ್‌ಡಿ ತಪಾಸಣೆಯಲ್ಲಿ ಗಡಿ ದಾಟಿದವರು ಪೂರ್ಣಾವಧಿ ಸೈನಿಕರಲ್ಲಿ ಶೇಕಡಾ 11.8ರಿಂದ 16.7ಕ್ಕೂ, ಮೀಸಲು ಪಡೆಗಳಲ್ಲಿ ಶೇಕಡಾ 12.7ರಿಂದ 24.5ಕ್ಕೂ ಏರಿದರು.

ನೆನಪು ಮತ್ತು ದಾಖಲೆ

ನೆನಪು ಸ್ಥಿರವಲ್ಲ. 1991ರ ಕೊಲ್ಲಿ ಯುದ್ಧದಿಂದ ಹಿಂದಿರುಗಿದ 59 ಸೈನಿಕರಿಗೆ ಒಂದು ತಿಂಗಳು ಮತ್ತು ಎರಡು ವರ್ಷಗಳ ನಂತರ ಒಂದೇ ಪಟ್ಟಿಯನ್ನು ಕೊಟ್ಟಾಗ, ಶೇಕಡಾ 88 ಮಂದಿ ಕನಿಷ್ಠ ಒಂದು ಘಟನೆಯ ಬಗ್ಗೆ ಉತ್ತರವನ್ನು ಬದಲಿಸಿದ್ದರು. ಇದು ಅಪ್ರಾಮಾಣಿಕತೆಯೆಂದು ಭಾವಿಸಬೇಕಿಲ್ಲ. ಇಂದಿನ ಬಾಧೆಯು ಅಂದಿನ ನೆನಪಿಗೆ ಬಣ್ಣ ಕೊಡುತ್ತದೆ. ಇನ್ನೊಂದೆಡೆ, ಸೈನಿಕ ದಾಖಲೆಗಳೂ ಪೂರ್ಣವಲ್ಲ. ಬಿ. ಕ್ರಿಸ್ಟೋಫರ್ ಫ್ರೂಹ್ ಮತ್ತು ಸಂಗಡಿಗರು 2005ರಲ್ಲಿ, ವಿಯೆಟ್ನಾಂ ಕಾದಾಟದ ಅನುಭವ ಹೇಳಿಕೊಂಡು ಚಿಕಿತ್ಸೆಗೆ ಬಂದ 100 ಮಂದಿಯ ಕಡತಗಳನ್ನು ನೋಡಿದಾಗ 41 ಮಂದಿಯ ಕಾದಾಟದ ಅನುಭವಕ್ಕೆ ಮಾತ್ರ ಸ್ಪಷ್ಟ ಆಧಾರ ಸಿಕ್ಕಿತು. ಉಳಿದವರು ಅತಿಶಯೋಕ್ತಿ ಮಾಡಿದರೆಂದು ಕೆಲವರು ವಾದಿಸಿದರೆ, ಕಡತದಲ್ಲಿ ಇಲ್ಲದ್ದು ನಡೆದೇ ಇಲ್ಲವೆಂದು ಹೇಳಲಾಗದೆಂದು ಇತರರು ಉತ್ತರಿಸಿದರು.

ಪರಿಹಾರಧನ

ಅಮೆರಿಕದಲ್ಲಿ ಸೇವಾಸಂಬಂಧಿ ಮಾನಸಿಕ ಕಾಯಿಲೆಗೆ ಶೇಕಡಾ 0, 10, 30, 50, 70 ಮತ್ತು 100 ಎಂಬ ಹಂತಗಳಲ್ಲಿ ಅಂಗವೈಕಲ್ಯವನ್ನು ನಿಗದಿಪಡಿಸಿ ಮಾಸಿಕ ಪರಿಹಾರ ನೀಡಲಾಗುತ್ತದೆ. ಹಣದ ಆಸೆಯಿಂದ ಲಕ್ಷಣಗಳನ್ನು ಹಿಗ್ಗಿಸುವ ಸಾಧ್ಯತೆಯ ಬಗ್ಗೆ ಚರ್ಚೆಗಳು ನಡೆದಿವೆ. ಆದರೆ ಪ್ರತಿಯೊಬ್ಬನನ್ನೂ ಸಂಶಯದಿಂದ ಕಾಣುವ ಪದ್ಧತಿಯು ನಿಜವಾಗಿ ನರಳುವವನನ್ನು ಮೌನಿಯಾಗಿಸುತ್ತದೆ. ಘಟನೆಯನ್ನು ದಾಖಲೆಯಿಂದಲೇ ಸಾಬೀತುಪಡಿಸಬೇಕೆಂಬ ಹೊರೆಯನ್ನು 2010ರಲ್ಲಿ ಸಡಿಲಿಸಲಾಯಿತು. ಶತ್ರುದಾಳಿಯ ಭಯಕ್ಕೆ ಸಂಬಂಧಿಸಿದ ಪ್ರಕರಣಗಳಲ್ಲಿ ಸೇವೆಯ ಸ್ಥಳ ಮತ್ತು ಸ್ವರೂಪಕ್ಕೆ ಹೊಂದುವ ಹೇಳಿಕೆಯನ್ನು ಒಪ್ಪಿಕೊಳ್ಳಬಹುದಾಯಿತು.

ಬೆರೆತುಕೊಂಡ ಕಾಯಿಲೆಗಳು

ಖಿನ್ನತೆ, ಮದ್ಯವ್ಯಸನ ಮತ್ತು ಸ್ಫೋಟದಿಂದಾಗುವ ಮೆದುಳಿನ ಗಾಯಗಳ ಲಕ್ಷಣಗಳು ಪಿಟಿಎಸ್‌ಡಿಯ ಲಕ್ಷಣಗಳೊಂದಿಗೆ ಬೆರೆಯುತ್ತವೆ. ಸಿಡುಕು, ಮರೆವು, ನಿದ್ರಾಹೀನತೆ ಎಲ್ಲದರಲ್ಲೂ ಇರಬಹುದು. ಸೇವೆಯಲ್ಲಿದ್ದಾಗ ನಡೆದ ಲೈಂಗಿಕ ದೌರ್ಜನ್ಯವನ್ನು ಯುದ್ಧಾನುಭವದ ಪಟ್ಟಿಗಳು ಕೇಳುವುದಿಲ್ಲ. ಹಾಗಾಗಿ ಅಮೆರಿಕದ ಮಾಜಿ ಸೈನಿಕರ ಆರೋಗ್ಯ ವ್ಯವಸ್ಥೆಯು ಅದರ ಬಗ್ಗೆ ಎಲ್ಲರನ್ನೂ ಪ್ರತ್ಯೇಕವಾಗಿ ವಿಚಾರಿಸುತ್ತದೆ. ತಾನು ಮಾಡಿದ ಅಥವಾ ತಡೆಯಲಾಗದ ಕೃತ್ಯದಿಂದ ಉಂಟಾಗುವ ಅಪರಾಧಪ್ರಜ್ಞೆಯನ್ನು ‘ನೈತಿಕ ಗಾಯ’ ಎಂದು ಕರೆದು, ಅದಕ್ಕೆ ಬೇರೆಯೇ ಮಾಪಕಗಳನ್ನು ರೂಪಿಸಲಾಗಿದೆ.

ಭಾರತದ ಸಂದರ್ಭ

2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು, ಮಾನಸಿಕ ಕಾಯಿಲೆಯನ್ನು ರಾಷ್ಟ್ರೀಯವಾಗಿ ಅಥವಾ ಅಂತರರಾಷ್ಟ್ರೀಯವಾಗಿ ಅಂಗೀಕೃತವಾದ ವೈದ್ಯಕೀಯ ಮಾನದಂಡಗಳ ಪ್ರಕಾರ ನಿರ್ಧರಿಸಬೇಕೆಂದು ಹೇಳಿ ಐಸಿಡಿಯನ್ನು ಹೆಸರಿಸುತ್ತದೆ. ಹಾಗಾಗಿ ಡಿಎಸ್‌ಎಮ್ ಆಧಾರಿತ ಮಾಪಕದ ಅಂಕವನ್ನು ಇಲ್ಲಿ ನೇರವಾಗಿ ನಿರ್ಣಯವೆಂದು ಪರಿಗಣಿಸಲಾಗದು.

ಭಾಷಾಂತರವೂ ಒಂದು ಸವಾಲು. ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದ ಮೇಲೆ, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತರುವುದು, ಎರಡನ್ನೂ ಹೋಲಿಸುವುದು, ಆಮೇಲೆ ಸ್ಥಳೀಯರ ಮೇಲೆ ಪರೀಕ್ಷಿಸುವುದು ಅಂಗೀಕೃತ ಕ್ರಮ. ‘ಭಾವನೆಗಳು ಮರಗಟ್ಟಿವೆ’ ಎಂಬ ಪುಸ್ತಕದ ವಾಕ್ಯಕ್ಕಿಂತ ‘ಯಾವುದೂ ಬೇಡ ಅನ್ನಿಸುತ್ತದೆ’, ‘ಎದೆ ಡವಗುಟ್ಟುತ್ತದೆ’ ಎಂಬಂತಹ ಮಾತುಗಳಲ್ಲಿ ಜನರು ತಮ್ಮ ಸಂಕಟವನ್ನು ಹೇಳಿಕೊಳ್ಳುತ್ತಾರೆ. ಇಂತಹ ಮಾತುಗಳಿಗೆ ಯಾವ ಅಂಕ ಸಲ್ಲಬೇಕೆಂಬುದನ್ನು ಮೂಲ ಪ್ರಶ್ನಾವಳಿಯ ಗಡಿ ಅಂಕ ಹೇಳಲಾರದು.

ಮಾಜಿ ಸೈನಿಕರಿಗೆ ಮತ್ತು ಅವರ ಅವಲಂಬಿತರಿಗೆ 2003ರಲ್ಲಿ ಆರಂಭವಾದ ಇಸಿಎಚ್‌ಎಸ್ ಯೋಜನೆಯ ಮೂಲಕ ವೈದ್ಯಕೀಯ ಸೌಲಭ್ಯವಿದೆ. ಮಾನಸಿಕ ನೆರವಿಗಾಗಿ ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಉಚಿತ ದೂರವಾಣಿ ಸೇವೆಯು (14416) ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ದೊರೆಯುತ್ತದೆ; ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. ಪಿಸಿಎಲ್-5 ಮುಂತಾದ ಪಟ್ಟಿಗಳು ಅಂತರಜಾಲದಲ್ಲಿ ಮುಕ್ತವಾಗಿ ಸಿಗುತ್ತವೆಯಾದರೂ, ಅವುಗಳನ್ನು ಮನೆಯಲ್ಲೇ ತುಂಬಿ ಬಂದ ಅಂಕದಿಂದ ಕಾಯಿಲೆ ಇದೆಯೆಂದಾಗಲಿ ಇಲ್ಲವೆಂದಾಗಲಿ ತೀರ್ಮಾನಿಸುವುದು ಸರಿಯಲ್ಲ. ಗಡಿ ಅಂಕಕ್ಕಿಂತ ಕೆಳಗಿರುವವರಲ್ಲೂ ಚಿಕಿತ್ಸೆಯ ಅಗತ್ಯವಿರುವವರು ಇರುತ್ತಾರೆ.